ಕ್ಯಾನ್‌ಕೂನ್: ಎರಡು ರಾತ್ರಿ ಹೊರಗೆ, ನಾಲ್ಕು ರಾತ್ರಿ ರೆಸಾರ್ಟಿನಲ್ಲಿ

"ಐದು ಜನವೂ ಸಸ್ಯಾಹಾರಿಗಳು, ಯಾರೂ ಕುಡಿಯಲ್ಲ, ಜೊತೆಗೆ ಎಪ್ಪತ್ತು ದಾಟಿದ ಅಪ್ಪ. ಊಟ, ಕುಡಿತ ಎಲ್ಲ ರೂಮಿನ ದರದಲ್ಲೇ ಸೇರಿರುವ ಆಲ್ ಇನ್‌ಕ್ಲೂಸಿವ್ ರೆಸಾರ್ಟಿಗೆ ದುಡ್ಡು ಸುರಿಯೋದು ದಂಡ ಕಣಯ್ಯ" ಅಂತ ಡಾಲಸ್‌ನ ನಮ್ಮ ಗೆಳೆಯರೆಲ್ಲ ಹೇಳಿದ್ದರು. ಫೆಬ್ರವರಿಯಲ್ಲಿ ಅದೇ ಐದು ಜನ ಮೆಕ್ಸಿಕೊದ ಕಡಲತೀರದ ಊರು ಕ್ಯಾನ್‌ಕೂನ್‌ಗೆ ಹೋಗಿ, ಆರು ರಾತ್ರಿ ಇದ್ದು ಬಂದೆವು. ವಿಮಾನದ ಖರ್ಚು ಬಿಟ್ಟು ಸುಮಾರು 3,000 ಡಾಲರ್. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಹಿಂದೊಮ್ಮೆ ಮೇ ತಿಂಗಳಲ್ಲಿ ನಾನು, ಹೆಂಡತಿ, ಮಗ ಮೂವರೇ ಹೋಗಿದ್ದಾಗ ಕೈ ಸುಟ್ಟುಕೊಂಡಿದ್ದೆವು. ಏಳು ರಾತ್ರಿಯೂ ಒಂದೇ ರೆಸಾರ್ಟ್, 2,900 ಡಾಲರ್ ಹತ್ತಿರ ಕೊಟ್ಟಿದ್ದೆ. ನಾಲ್ಕು ದಿನ ಹೊರಗೆ ಸುತ್ತಿದೆವು. ಅಂದರೆ ನಾಲ್ಕು ಮಧ್ಯಾಹ್ನದ ಊಟ, ಎರಡು ರಾತ್ರಿಯೂಟಕ್ಕೆ ಎರಡೆರಡು ಸಲ ದುಡ್ಡು. ಮಾಯಾ ಜನರ ಹಳೆಯ ಪಿರಮಿಡ್ ಇರುವ ಚಿಚೆನ್ ಇಟ್ಸಾಗೆ ಹೊರಟ ಟೂರ್ ಬಸ್ಸು ಹೋಟೆಲ್ ಹೋಟೆಲ್ ಸುತ್ತಿ ಜನ ತುಂಬಿಸಿಕೊಂಡು, ಸುಡುಬಿಸಿಲಲ್ಲಿ ನಮ್ಮನ್ನು ಇಳಿಸಿತು. ಮರುದಿನವೆಲ್ಲ ನಿದ್ದೆ. ಇನ್ನೊಂದು ಬೆಳಿಗ್ಗೆ, ವರ್ಷಕ್ಕಿಷ್ಟು ದಿನ ಅಂತ ರೆಸಾರ್ಟ್ ರೂಮಿನ ಹಕ್ಕು ಮಾರುವ ಟೈಮ್‌ಶೇರ್ ಮಾತುಗಾರರ ಪಾಲಾಯಿತು; ತಿಂಡಿ ಉಚಿತ ಅಂತ ಕೂರಿಸಿದವರು ಮೂರು ಗಂಟೆ ಬಿಡಲಿಲ್ಲ. ಇದೆಲ್ಲದರ ಮೇಲೆ ದಡದುದ್ದಕ್ಕೂ ಸರ್ಗಾಸಮ್ ಪಾಚಿ, ಕೊಳೆತ ಮೊಟ್ಟೆಯ ವಾಸನೆ.

ಊರಿಗೆ ಬಂದು ಲೆಕ್ಕ ಬರೆದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಸುತ್ತುವ ದಿನ ರೆಸಾರ್ಟಿಗೆ ಕೊಡುವ ದುಡ್ಡು ಪೂರ್ತಿ ನಷ್ಟ. ಹಾಗಾಗಿ ಈ ಸಲ ಸಾಹಸವನ್ನೆಲ್ಲ ಮೊದಲ ಎರಡು ದಿನಕ್ಕೆ ಒಟ್ಟು ಮಾಡಿದೆ, ಅದನ್ನೂ ರೆಸಾರ್ಟಿನ ಹೊರಗೆ.

ವಿಮಾನ ಇಳಿದವರೇ ಬಾಡಿಗೆ ಕಾರು ಹಿಡಿದು ಚಿಚೆನ್ ಇಟ್ಸಾ ಹತ್ತಿರದ ಊರು ವಯಾದೋಲಿದ್‌ಗೆ ಹೋದೆವು. 160 ಕಿ.ಮೀ. ಆಗಬಹುದು, ಎರಡು ಗಂಟೆಯ ದಾರಿ. ರೂಮು ರಾತ್ರಿಗೆ 55 ಡಾಲರ್‌ನಂತೆ ಎರಡು. ಕಾರಿನ ವಿಷಯದಲ್ಲಿ ಹುಷಾರು: ಆನ್‌ಲೈನ್‌ನಲ್ಲಿ ದಿನಕ್ಕೆ 6 ಡಾಲರ್ ತೋರಿಸಿದ್ದು ಕೌಂಟರಿನಲ್ಲಿ 35ಕ್ಕೆ ಏರಿತು. ಅಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ನಮ್ಮ ಕ್ರೆಡಿಟ್ ಕಾರ್ಡು ಅದಕ್ಕೆ ಆಗಿಬರುವುದಿಲ್ಲ. ಟೋಲ್ ಕೂಡ ದುಬಾರಿ. ಅಪ್ಪ ಅಮ್ಮ ತಿಪಟೂರಿಂದ ಅಮೆರಿಕದ ವಿಸಿಟರ್ ವೀಸಾದಲ್ಲಿ ಬಂದಿದ್ದರು. ಅದು ಚಾಲ್ತಿಯಲ್ಲಿದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವಾಗ ನಾವು ಚಿಚೆನ್ ಇಟ್ಸಾದಲ್ಲಿ. ಕ್ಯಾನ್‌ಕೂನ್ ಇರುವ ರಾಜ್ಯ 2015ರಲ್ಲಿ ಗಡಿಯಾರ ಬದಲಿಸಿಕೊಂಡಿತು, ಚಿಚೆನ್ ಇಟ್ಸಾ ಇರುವ ಯುಕತಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದಿದೆ. ಹೋಗುವಾಗ ಆ ಒಂದು ಗಂಟೆ ನಮಗೆ ಸಿಕ್ಕಿತ್ತು. ಬಸ್ಸುಗಳು ಬರುವಷ್ಟರಲ್ಲಿ ನಾವು ನೋಡಿ ಮುಗಿಸಿದ್ದೆವು. ಪಿರಮಿಡ್ ಹತ್ತಲು ಈಗ ಬಿಡುವುದಿಲ್ಲ. ನಾಲ್ಕೂ ಕಡೆ 91 ಮೆಟ್ಟಿಲು, ಮೇಲೊಂದು ಸೇರಿ 365 ಅಂತ ಅಪ್ಪ ಕೆಳಗಿಂದಲೇ ಒಂದು ಬದಿ ಎಣಿಸಿ ತಾಳೆ ನೋಡಿದರು.

ಸೆನೋಟೆ ಅಂದರೆ ಸುಣ್ಣಕಲ್ಲಿನ ನೆಲ ಕುಸಿದು ಆದ ನೀರಿನ ಹೊಂಡ. ಅದರ ಆಯ್ಕೆಯಲ್ಲಿ ನನಗೆ ಹೆಮ್ಮೆಯಿದೆ. ಎಲ್ಲರೂ ಫೋಟೊಗೆ ಓಡುವ ಜಾಗ ಬಿಟ್ಟು, ವಯಾದೋಲಿದ್ ಊರ ನಡುವೆಯೇ ಇರುವ ಸಾಸಿ ಅನ್ನುವ ಸೆನೋಟೆಗೆ ಹೋದೆವು. ಅಮ್ಮ ನಮ್ಮೂರ ಕಲ್ಯಾಣಿಯ ಮೆಟ್ಟಿಲು ದಾಟಿ ನೀರಿಗಿಳಿದವಳಲ್ಲ. ಚೂಡಿದಾರದ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಅರ್ಧ ಗಂಟೆ ತೇಲಿದಳು, ಮೇಲೆ ಬರಲು ಒಪ್ಪಲಿಲ್ಲ. ಸೆನೋಟೆಗಳಲ್ಲಿ ಸನ್‌ಸ್ಕ್ರೀನ್ ಬಳಿದುಕೊಂಡು ಇಳಿಯಲು ಬಿಡುವುದಿಲ್ಲ, ತುಂಬು ತೋಳಿನ ಈಜು ಅಂಗಿ ಒಯ್ಯಿರಿ.

ಮೂರನೇ ದಿನ ಕಾರು ಒಪ್ಪಿಸಿ ರೆಸಾರ್ಟ್ ಸೇರಿದೆವು. ಕ್ಯಾನ್‌ಕೂನ್ ಹೋಟೆಲ್ ಸಾಲು 7ರ ಆಕಾರದಲ್ಲಿದೆ. ಉದ್ದನೆಯ ಗೆರೆ ತೆರೆದ ಕೆರಿಬಿಯನ್‌ಗೆ ಮುಖ ಮಾಡಿದೆ. ಅಲೆ, ಪಾಚಿ ಎರಡೂ ಹೆಚ್ಚು. ಮೇಲಿನ ಅಡ್ಡಗೆರೆ ಇಸ್ಲಾ ಮುಹೇರೆಸ್ ದ್ವೀಪದ ಕಡೆಗಿದೆ, ಅಲ್ಲಿ ನೀರು ಶಾಂತ. ನಾನು ಆರಿಸಿದ್ದು ಆ ಗೆರೆಯಲ್ಲೇ. ಬುಕ್ ಮಾಡುವ ಮೊದಲು ಮೂರು ವಾರ, ದಿನಾ ಬೆಳಿಗ್ಗೆ ದಡದ ಲೈವ್ ಕ್ಯಾಮೆರಾ ನೋಡಿ ಪಾಚಿಯ ಲೆಕ್ಕ ಬರೆದಿಟ್ಟಿದ್ದೆ.

ಊಟಕ್ಕೆ ಮಾಡಿದ ಪ್ರಯೋಗ ಬೇರೆಯೇ ಒಂದು ಕಥೆ. ಅಲ್ಲಿ ಕರಿ ಹುರುಳಿಕಾಯಿ ಕಾಳಿನ ಪಲ್ಯಕ್ಕೆ ಹಂದಿಕೊಬ್ಬು ಹಾಕುವುದುಂಟು. "ಸಿನ್ ಕಾರ್ನೆ, ಸಿನ್ ಮಾಂತೆಕಾ, ಸಿನ್ ವೇವೊ", ಅಂದರೆ ಮಾಂಸ, ಹಂದಿಕೊಬ್ಬು, ಮೊಟ್ಟೆ ಯಾವುದೂ ಬೇಡ ಅಂತ ಚೀಟಿ ಬರೆದು ಮೊದಲ ದಿನವೇ ಅಡುಗೆಯವರ ಕೈಗೆ ಕೊಟ್ಟೆ. ಎರಡನೇ ದಿನದಿಂದ ನಮಗಾಗಿ ಬೇರೆ ಬೇಯಿಸಿದರು. ಬಿಳಿ ಅನ್ನ, ಕಾಳು, ನಿಂಬೆಹಣ್ಣು, ಮನೆಯ ಚಟ್ನಿಪುಡಿ. ಅಪ್ಪನಿಗೆ ಅಷ್ಟೇ ಸಾಕಾಯಿತು. ಹುಣಸೆಹಣ್ಣಿನ ಪಾನಕವನ್ನು ಅಮ್ಮ ದಿನಕ್ಕೆ ನಾಲ್ಕು ಲೋಟ ಕುಡಿದಳು. ಗೊಜ್ಜವಲಕ್ಕಿಗೆ ಕೆಟಲ್ ಒಯ್ದಿದ್ದೆ, ಹೊರಗೆ ತೆಗೆಯಲೇ ಇಲ್ಲ.

ನಾಲ್ಕು ದಿನದಲ್ಲಿ ಹೊರಗೆ ಹೋಗಿದ್ದು ಎರಡೇ ಅರ್ಧ ದಿನ: ದೋಣಿಯಲ್ಲಿ ಇಪ್ಪತ್ತು ನಿಮಿಷದ ಇಸ್ಲಾ ಮುಹೇರೆಸ್, ಮತ್ತೆ ನಾನೂ ಮಗನೂ ಸ್ನಾರ್ಕೆಲಿಂಗ್. ಸ್ನಾರ್ಕೆಲಿಂಗ್ ಮೊದಲು ಗೊತ್ತುಮಾಡಿದ್ದ ದಿನ ಉತ್ತರದ ಗಾಳಿ ಎದ್ದು ಕೆಂಪು ಬಾವುಟ ಹಾರಿಸಿದರು, ದೋಣಿ ರದ್ದಾಯಿತು. ಬೇಕೆಂದೇ ಒಂದು ದಿನ ಖಾಲಿ ಇಟ್ಟಿದ್ದೆ, ಮರುದಿನಕ್ಕೆ ಹೋಯಿತು.

ಹೊರಡುವಾಗ ರೂಮಿಗೆ ರಾತ್ರಿಗಿಷ್ಟು ಅಂತ ಪರಿಸರ ತೆರಿಗೆ ಕೇಳುತ್ತಾರೆ, ಒಂದಿಷ್ಟು ಪೆಸೊ ಉಳಿಸಿಕೊಳ್ಳಿ. ಎರಡು ರೂಮಿಗೆ ನಾಲ್ಕು ರಾತ್ರಿಗೆ 2,400 ಡಾಲರ್ ಆಯಿತು. ವೆಬ್‌ಸೈಟಿನ ದರ ಇದಕ್ಕಿಂತ ಸಾಕಷ್ಟು ಹೆಚ್ಚಿತ್ತು. ಹೋಟೆಲಿಗೆ ನೇರ ಫೋನ್ ಮಾಡಿದ್ದೆ ಅಂತಷ್ಟೇ ಹೇಳುತ್ತೇನೆ. ಯಾವ ಹೋಟೆಲು, ಏನು ಕೇಳಿದೆ ಅನ್ನೋದು ನನ್ನಲ್ಲೇ ಇರಲಿ, ಬರುವ ಜನವರಿಗೆ ಮತ್ತೆ ಅಲ್ಲಿಗೇ ಹೋಗುವುದಿದೆ.