ಫ್ಲ್ಯಾಶ್ ಕೊಳ್ಳುವ ಮುಂಚೆ ಡಬ್ಬದ ಮೇಲಿನ ನಂಬರ್ ಓದಲು ಕಲಿಯಿರಿ

ಗೆಳೆಯನೊಬ್ಬ ಹೊಸ ಫ್ಲ್ಯಾಶ್ ತಂದು ನನ್ನ ಮುಂದಿಟ್ಟ. ಕಂಪನಿಯ ಅತಿ ದೊಡ್ಡ ಮಾಡೆಲ್. ಅವನ ಪುಟ್ಟ ಕ್ಯಾಮೆರಾದ ಮೇಲೆ ಕೂರಿಸಿ ಮೇಜಿನ ಮೇಲಿಟ್ಟರೆ ಕ್ಯಾಮೆರಾವೇ ಹಿಂದಕ್ಕೆ ವಾಲುತ್ತಿತ್ತು. ‘ಗೈಡ್ ನಂಬರ್ 60 ಕಣೋ’ ಅಂದ. ಫ್ಲ್ಯಾಶ್ ಬೆಳಕಿನ ಬಲ ಹೇಳುವ ಅಂಕಿ ಅದು. ಅವನು ತೆಗೆಯುವುದು ಮಗಳ ಫೋಟೊ. ಅದೂ ಮನೆಯೊಳಗೆ, ಎರಡು ಮೀಟರ್ ದೂರದಿಂದ. ಒಂದು ವಾರ ಬಿಟ್ಟು ಫ್ಲ್ಯಾಶ್ ಆನ್ ಮಾಡಿ ನೋಡಿದೆ. ಪವರ್ 1/32ರಲ್ಲಿ, ಅಂದರೆ ಪೂರ್ಣ ಶಕ್ತಿಯ ಮೂವತ್ತೆರಡರಲ್ಲಿ ಒಂದು ಪಾಲಿನಲ್ಲಿ ನಿಂತಿತ್ತು.

ಇದರ ಉಲ್ಟಾ ಕೂಡ ನೋಡಿದ್ದೇನೆ. ಇನ್ನೊಬ್ಬರು ಮಧ್ಯಮ ದರ್ಜೆಯ ಫ್ಲ್ಯಾಶ್ ಹಿಡಿದು ಇಡೀ ದಿನದ ಮದುವೆಗೆ ಹೋದರು. ನೂರಾರು ಜನ, ಗ್ರೂಪ್ ಫೋಟೊ ಮೇಲೆ ಗ್ರೂಪ್ ಫೋಟೊ. ಸಂಜೆಯ ಹೊತ್ತಿಗೆ ಫ್ಲ್ಯಾಶ್ ಬಿಸಿಯಾಗಿ ತಾನೇ ಬಂದ್ ಆಯಿತು. ಇಬ್ಬರೂ ಮಾಡಿದ ತಪ್ಪು ಒಂದೇ. ಡಬ್ಬದ ಮೇಲಿನ ದೊಡ್ಡ ನಂಬರ್ ನೋಡಿ ತೀರ್ಮಾನ ಮಾಡಿದ್ದು.

ಮೊದಲು ನಿಮ್ಮ ಕ್ಯಾಮೆರಾ ನೋಡಿಕೊಳ್ಳಿ

ಫ್ಲ್ಯಾಶ್‌ಗಳು ಕ್ಯಾಮೆರಾ ಕಂಪನಿಗೆ ತಕ್ಕಂತೆ ಬೇರೆಬೇರೆ. ಕ್ಯಾನನ್‌ಗೆ ಮಾಡಿದ ಟಿಟಿಎಲ್ (ಬೆಳಕು ಅಳೆದು ಪವರ್ ತಾನೇ ಹೊಂದಿಸಿಕೊಳ್ಳುವ) ಫ್ಲ್ಯಾಶ್ ನಿಕಾನ್ ಮೇಲೆ ಆಟೋಮ್ಯಾಟಿಕ್ ಆಗಿ ಕೆಲಸ ಮಾಡುವುದಿಲ್ಲ. ಗೋಡಾಕ್ಸ್‌ನಂಥವರು ಒಂದೇ ಮಾಡೆಲನ್ನು ಕ್ಯಾನನ್, ನಿಕಾನ್, ಸೋನಿ ಎಂದು ಬೇರೆಬೇರೆ ಮಾಡಿ ಮಾರುತ್ತಾರೆ. ಡಬ್ಬ ಒಂದೇ ಥರ ಕಾಣುತ್ತದೆ, ಹುಷಾರು. ಕ್ಯಾನನ್ 1500ಡಿ, 3000ಡಿ ಇರುವವರು ಇನ್ನೂ ಹುಷಾರು. ಅವುಗಳ ಹಾಟ್ ಶೂನಲ್ಲಿ, ಅಂದರೆ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ, ನಡುವಿನ ಪಿನ್ನೇ ಇಲ್ಲ. ಆ ಒಂದೇ ಪಿನ್ ನಂಬಿಕೊಂಡಿರುವ ಅಗ್ಗದ ಮ್ಯಾನುವಲ್ ಫ್ಲ್ಯಾಶ್ ಅವುಗಳ ಮೇಲೆ ಮಿಂಚುವುದೇ ಇಲ್ಲ. ಇನ್ನು ಅಟ್ಟದ ಮೇಲಿಂದ ಇಳಿಸಿದ ರೀಲ್ ಕಾಲದ ಫ್ಲ್ಯಾಶ್ ಅಂತೂ ಬೇಡವೇ ಬೇಡ. ಕೆಲವು ಹಳೆಯವು ಕ್ಯಾಮೆರಾದ ಪಿನ್‌ಗೆ 200 ವೋಲ್ಟ್‌ಗೂ ಜಾಸ್ತಿ ಕೊಡುತ್ತವೆ. ಡಿಜಿಟಲ್ ಕ್ಯಾಮೆರಾ ಸುಟ್ಟೇ ಹೋಗಬಹುದು.

ಈಗ ಗೈಡ್ ನಂಬರ್

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಗೈಡ್ ನಂಬರ್ ಅಂದರೆ ದೂರವನ್ನು ಲೆನ್ಸ್ ಕಿಂಡಿಯ ಅಗಲ ಹೇಳುವ ಎಫ್ ಅಂಕಿ, ಅಂದರೆ ಅಪರ್ಚರ್‌ನಿಂದ ಗುಣಿಸಿದ ಲೆಕ್ಕ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ಹೇಳುವ ಅಂಕಿ ಐಎಸ್‌ಓ. ಐಎಸ್‌ಓ 100ರಲ್ಲಿ ಗೈಡ್ ನಂಬರ್ 28 ಇದ್ದರೆ, ಎಫ್ 4ರಲ್ಲಿ ಬೆಳಕು 7 ಮೀಟರ್ ತನಕ ಸರಿಯಾಗಿ ಮುಟ್ಟುತ್ತದೆ. ಇಷ್ಟೇ. ಮೋಸ ಇರುವುದು ಜೂಮ್‌ನಲ್ಲಿ. ಫ್ಲ್ಯಾಶ್ ತಲೆಯೊಳಗಿನ ಟ್ಯೂಬ್ ಹಿಂದೆ ಮುಂದೆ ಸರಿಯುತ್ತದೆ. ಜೂಮ್ ಹೆಚ್ಚಿಸಿದರೆ ಅದೇ ಬೆಳಕು ಕಿರಿದಾದ ಜಾಗಕ್ಕೆ ಬೀಳುತ್ತದೆ. ನಂಬರ್ ಏರುತ್ತದೆ. ಟಾರ್ಚಿನ ತಲೆ ತಿರುಗಿಸಿ ಬೆಳಕು ಕೂಡಿಸಿದ ಹಾಗೆ. ಟಾರ್ಚ್‌ನ ಶಕ್ತಿಯೇನೂ ಜಾಸ್ತಿಯಾಗಲಿಲ್ಲ, ಅಲ್ವಾ?

ಕ್ಯಾನನ್‌ನ 600ಇಎಕ್ಸ್-ಆರ್‌ಟಿಗೆ ಗೈಡ್ ನಂಬರ್ 60. ಅದು 200 ಎಂಎಂ ಜೂಮ್‌ನಲ್ಲಿ ಬಂದ ನಂಬರ್. ನಿಕಾನ್ ತನ್ನ ಎಸ್‌ಬಿ-5000ಕ್ಕೆ 34.5 ಎನ್ನುತ್ತದೆ. ಅದು 35 ಎಂಎಂನಲ್ಲಿ. ಎರಡೂ ಆಯಾ ಕಂಪನಿಯ ದೊಡ್ಡ ಫ್ಲ್ಯಾಶ್‌ಗಳೇ. ಪಕ್ಕಪಕ್ಕ ಇಟ್ಟು ‘ಕ್ಯಾನನ್‌ದು ಡಬಲ್ ಪವರ್’ ಅಂದವರಿದ್ದಾರೆ. ಆದ್ದರಿಂದ ನಂಬರ್ ಹೋಲಿಸುವಾಗ ಒಂದೇ ಜೂಮ್‌ನಲ್ಲಿ ಹೋಲಿಸಿ. ಮ್ಯಾನುವಲ್ ಪುಸ್ತಕದ ಕೊನೆಯಲ್ಲಿ ಇದಕ್ಕೊಂದು ಕೋಷ್ಟಕ ಇರುತ್ತದೆ. ಕೊಳ್ಳುವ ಮುಂಚೆ ಆ ಪುಟ ಹುಡುಕಿ ನೋಡಿ. ಕೋಷ್ಟಕವನ್ನೇ ಕೊಡದೆ ಡಬ್ಬದ ಮೇಲೆ ಬರೀ ದೊಡ್ಡ ನಂಬರ್ ಅಚ್ಚು ಹಾಕಿದ ಮಾಲು ನನಗಂತೂ ಬೇಡ.

ಈಗ ಸರಿಯಾದ ಹೋಲಿಕೆ ಮಾಡೋಣ. ನಿಕಾನ್‌ನ ಮಧ್ಯಮ ದರ್ಜೆಯ ಎಸ್‌ಬಿ-700ಕ್ಕೆ 35 ಎಂಎಂನಲ್ಲಿ ಗೈಡ್ ನಂಬರ್ 28. ದೊಡ್ಡಣ್ಣ ಎಸ್‌ಬಿ-5000ಕ್ಕೆ ಅದೇ ಜೂಮ್‌ನಲ್ಲಿ 34.5. ಕೋಣೆಯೊಳಗೆ ಬೆಳಕನ್ನು ಸೀಲಿಂಗ್‌ಗೆ ಬಡಿಸಿ ಬೌನ್ಸ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಬೆಳಕು ಮೇಲೆ ಹೋಗಿ ಕೆಳಗೆ ಬರುವ ದಾರಿ ಒಟ್ಟು 5 ಮೀಟರ್. ಬಿಳಿ ಸೀಲಿಂಗ್ ಆದರೂ ಸುಮಾರು ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು ಇಲ್ಲವೇ ದುಪ್ಪಟ್ಟಾಗುವುದು. ಎರಡು ಸ್ಟಾಪ್ ಹೋದರೆ ಗೈಡ್ ನಂಬರ್ ಅರ್ಧಕ್ಕೆ ಇಳಿಯುತ್ತದೆ. ಐಎಸ್‌ಓವನ್ನು 400 ಮಾಡಿದರೆ ಮತ್ತೆ ಡಬಲ್ ಆಗುತ್ತದೆ. ಅಲ್ಲಿಗೆ 28 ಮತ್ತೆ 28ಕ್ಕೇ ಬಂತು. ಅದನ್ನು 5ರಿಂದ ಭಾಗಿಸಿ. ಎಫ್ 5.6. ದೊಡ್ಡದಕ್ಕೂ ಇದೇ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಎಫ್ 7. ಕ್ಯಾಮೆರಾದ ಡಯಲ್‌ನಲ್ಲಿ ಎರಡು ಕ್ಲಿಕ್! ಐಎಸ್‌ಓ 400ರ ಬದಲು 640 ಇಟ್ಟರೆ ಆ ವ್ಯತ್ಯಾಸವೂ ಮಾಯ.

ಕ್ಯಾನನ್‌ನ ಹಳೆಯ ಜೋಡಿಯಲ್ಲೂ ಇದೇ ಕಥೆ. 430ಇಎಕ್ಸ್ 2ಕ್ಕೆ 43, 580ಇಎಕ್ಸ್ 2ಕ್ಕೆ 58, ಎರಡೂ 105 ಎಂಎಂನಲ್ಲಿ. ಬೆಳಕು ನಿಜವಾಗಿ ದುಪ್ಪಟ್ಟಾಗಬೇಕಾದರೆ ನಂಬರ್ 1.4 ಪಟ್ಟು ಆಗಬೇಕು. ಇಲ್ಲಿ 1.35. ಒಂದು ಸ್ಟಾಪ್ ಕೂಡ ಪೂರ್ತಿ ಇಲ್ಲ.

ಹಾಗಾದರೆ ಆ ವ್ಯತ್ಯಾಸ ಯಾವಾಗ ಲೆಕ್ಕಕ್ಕೆ ಬರುತ್ತದೆ? ನಡುಮಧ್ಯಾಹ್ನದ ಬಿಸಿಲಿನಲ್ಲಿ. ಐಎಸ್‌ಓ 100, ಶಟರ್ 1/250, ಅಪರ್ಚರ್ ಎಫ್ 11 ಆಸುಪಾಸು. ಆಗ ಮೇಲಿನ ಕ್ಯಾನನ್ ಜೋಡಿಯಲ್ಲಿ ಚಿಕ್ಕದು 4 ಮೀಟರ್ ಮುಟ್ಟುವುದೂ ಕಷ್ಟ. ದೊಡ್ಡದು 5 ಮೀಟರ್ ದಾಟುತ್ತದೆ. ಹಿನ್ನೆಲೆ ಮಸುಕಾಗಲಿ ಎಂದು ಲೆನ್ಸ್ ಕಿಂಡಿ ಅಗಲಿಸಿ, ಶಟರನ್ನು ಇನ್ನೂ ವೇಗವಾಗಿ ಓಡಿಸಲು ಬಿಡುವ ಹೈ ಸ್ಪೀಡ್ ಸಿಂಕ್ ಹಾಕಿದಿರೋ, ಇನ್ನೂ ಎರಡು ಸ್ಟಾಪ್ ಹತ್ತಿರ ಹೋಯಿತು. ಬಿಸಿಲಿನಲ್ಲೇ ಕೆಲಸ ಮಾಡುವವರಿಗೆ ದೊಡ್ಡ ಫ್ಲ್ಯಾಶ್ ಶೋಕಿ ಅಲ್ಲ.

ಅಂದ ಹಾಗೆ, ಬಯಲಿನಲ್ಲಿ ಫ್ಲ್ಯಾಶ್ ತಲೆಗೆ ಬಿಳಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಓಡಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಟೋಪಿ ಬೆಳಕನ್ನು ನಾಲ್ಕೂ ಕಡೆ ಚೆಲ್ಲುತ್ತದೆ. ಕೋಣೆಯಲ್ಲಾದರೆ ಗೋಡೆ ಅದನ್ನು ವಾಪಸ್ ಕೊಡುತ್ತದೆ. ಆಕಾಶ ಕೊಡುವುದಿಲ್ಲ. ಸುಮ್ನೆ ಬ್ಯಾಟರಿ ದಂಡ.

ನಿಮ್ಮ ಹಣ ಹೋಗುವುದು ವೇಗಕ್ಕೆ

ಶಕ್ತಿಯಲ್ಲಿ ಇಷ್ಟು ಕಡಿಮೆ ಅಂತರ ಇದ್ದರೆ ದೊಡ್ಡ ಫ್ಲ್ಯಾಶ್‌ಗೆ ಅಷ್ಟು ಬೆಲೆ ಯಾಕೆ? ಒಂದು ಸಲ ಮಿಂಚಿದ ಮೇಲೆ ಮತ್ತೆ ತುಂಬಿಕೊಳ್ಳುವ ವೇಗಕ್ಕೆ, ಬಿಸಿ ತಡೆದುಕೊಳ್ಳುವುದಕ್ಕೆ. ಎಸ್‌ಬಿ-5000ದೊಳಗೆ ತಂಪು ಮಾಡುವ ವ್ಯವಸ್ಥೆಯೇ ಇದೆ. ಹೊರಗಿನ ಬ್ಯಾಟರಿ ಪ್ಯಾಕ್ ಚುಚ್ಚುವ ಜಾಗವೂ ಉಂಟು. ಎಸ್‌ಬಿ-700ರಲ್ಲಿ, ಕ್ಯಾನನ್ 430ಇಎಕ್ಸ್ 3ರಲ್ಲಿ ಆ ಜಾಗ ಇಲ್ಲ. ಮಧ್ಯಮ ಮತ್ತು ಮೇಲ್ದರ್ಜೆಯ ನಡುವಿನ ನಿಜವಾದ ಗೆರೆ ಇದು ಎಂಬುದು ನನ್ನ ಲೆಕ್ಕ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಕ್ಯಾಮೆರಾವನ್ನೂ ಫ್ಲ್ಯಾಶನ್ನೂ ಮ್ಯಾನುವಲ್‌ಗೆ ಹಾಕಿ. ಫ್ಲ್ಯಾಶ್ ಪವರ್ 1/1. ಖಾಲಿ ಗೋಡೆಯ ಕಡೆ ತಿರುಗಿ, ರೆಡಿ ದೀಪ ಹತ್ತಿದ ತಕ್ಷಣ ಒಂದೊಂದು ಫೋಟೊ ತೆಗೆಯಿರಿ. ಹತ್ತು ಫೋಟೊ ಸಾಕು. ಬರೀ ಟೆಸ್ಟ್ ಬಟನ್ ಒತ್ತಿ ಸೆಕೆಂಡ್ ಎಣಿಸಿದರೆ ಪ್ರಯೋಜನ ಇಲ್ಲ. ಎಷ್ಟೋ ಫ್ಲ್ಯಾಶ್‌ಗಳಲ್ಲಿ ಒಳಗಿನ ಕೆಪಾಸಿಟರ್ ಪೂರ್ತಿ ತುಂಬುವ ಮೊದಲೇ ದೀಪ ಹತ್ತಿಬಿಡುತ್ತದೆ. ಈಗ ಹತ್ತೂ ಫೋಟೊಗಳನ್ನು ಸರಸರ ತಿರುಗಿಸಿ ನೋಡಿ. ಗೋಡೆ ಎಲ್ಲದರಲ್ಲೂ ಒಂದೇ ಬಿಳುಪಿದೆಯಾ? ಆರನೆಯದೋ ಏಳನೆಯದೋ ಮಂಕಾಗಿದ್ದರೆ ದೀಪ ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಅಂಗಡಿಯವರು ಗೊಣಗಬಹುದು. ಗೊಣಗಲಿ. ಆದರೆ ಹತ್ತಕ್ಕೆ ನಿಲ್ಲಿಸಿ, ಒಂದೇ ಸಮ ಹೊಡೆದರೆ ತಲೆ ಬಿಸಿಯಾಗುತ್ತದೆ.

ಎಎ ಸೆಲ್ ಹಾಕುವ ಫ್ಲ್ಯಾಶ್ ಆದರೆ ಮೊದಲು ಒಳ್ಳೆಯ ರೀಚಾರ್ಜ್ ಸೆಲ್ ಕೊಳ್ಳಿ. ಬಿಸಾಡುವ ಆಲ್ಕಲೈನ್ ಸೆಲ್‌ಗಿಂತ ಅವು ಬೇಗ ತುಂಬಿಸುತ್ತವೆ. ನಿಧಾನದ ಫ್ಲ್ಯಾಶ್ ಎಂದು ಬೈಸಿಕೊಂಡವುಗಳಲ್ಲಿ ಅರ್ಧ, ಸೆಲ್ ಬದಲಿಸಿದ ಮೇಲೆ ಸರಿಹೋಗಿದ್ದನ್ನು ನಾನು ಕಂಡಿದ್ದೇನೆ. ಎನೆಲೂಪ್‌ನ ಸಾಮಾನ್ಯ ಎಎ ಸೆಲ್ 2000 ಎಂಎಎಚ್ ಆಸುಪಾಸಿನದು. ಹೆಸರಿಲ್ಲದ ಸೆಲ್ ಮೇಲೆ 4000 ಎಂಎಎಚ್ ಎಂದು ಬರೆದಿದ್ದರೆ ನಗುತ್ತಾ ವಾಪಸ್ ಇಡಿ.

ಇದರ ನಡುವೆ ಮೂರನೇ ದಾರಿ ಒಂದಿದೆ. ಲಿಥಿಯಂ ಬ್ಯಾಟರಿಯ ಫ್ಲ್ಯಾಶ್‌ಗಳು. ಗೋಡಾಕ್ಸ್ ವಿ860-3 ಪೂರ್ಣ ಶಕ್ತಿಯಲ್ಲೂ ಸುಮಾರು 1.5 ಸೆಕೆಂಡಿನಲ್ಲಿ ತುಂಬಿಕೊಳ್ಳುತ್ತದೆ. ಒಂದು ಚಾರ್ಜ್‌ಗೆ 480 ಫ್ಲ್ಯಾಶ್ ಎಂಬುದು ಕಂಪನಿಯ ಲೆಕ್ಕ. ಮೇಲ್ದರ್ಜೆಯ ವೇಗ, ಮಧ್ಯಮ ದರ್ಜೆಯ ಬೆಲೆ. ತೊಂದರೆ ಒಂದೇ. ಬ್ಯಾಟರಿ ಮುಗಿದರೆ ಪಕ್ಕದ ಅಂಗಡಿಯಿಂದ ಸೆಲ್ ತಂದು ಹಾಕಲಾಗದು. ಎರಡನೇ ಬ್ಯಾಟರಿಯ ಹಣವನ್ನೂ ಮೊದಲೇ ಸೇರಿಸಿಕೊಳ್ಳಿ.

ಉಳಿದದ್ದು ಬೇಗ ಮುಗಿಯುತ್ತದೆ

ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ದೂರ ಇಡುವವರು ರೇಡಿಯೊ ಇರುವುದನ್ನೇ ತೆಗೆದುಕೊಳ್ಳಿ. ಬೆಳಕಿನ ಸನ್ನೆಯಿಂದ ಓಡುವ ಹಳೆಯ ಪದ್ಧತಿ ಬಿಸಿಲಿನಲ್ಲಿ, ಗೋಡೆಯ ಮರೆಯಲ್ಲಿ ಕೈಕೊಡುತ್ತದೆ. ತಲೆ ಎರಡೂ ಕಡೆ 180 ಡಿಗ್ರಿ ತಿರುಗಬೇಕು. ಚಿಕ್ಕದು ಅನಿಸಿದರೂ ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿ ಹಿಡಿದಾಗ ಇದರ ಬೆಲೆ ಗೊತ್ತಾಗುತ್ತದೆ. ಟಚ್‌ಸ್ಕ್ರೀನ್ ಬೇಡ, ಗುಂಡಿಗಳೇ ಇರಲಿ.

ಮನೆ, ಪ್ರವಾಸ, ಪುಟ್ಟ ಸಮಾರಂಭ ಅನ್ನುವವರು ಮಧ್ಯಮ ದರ್ಜೆಯದನ್ನೇ ಕೊಳ್ಳಿ. ಎರಡನೇ ಯೋಚನೆ ಬೇಡ. ದುಡ್ಡು ಇನ್ನೂ ಇದ್ದರೆ ಅಂಥದ್ದೇ ಇನ್ನೊಂದು ತನ್ನಿ. ಒಂದು ದೊಡ್ಡದಕ್ಕಿಂತ ಎರಡು ಚಿಕ್ಕವು ಯಾವತ್ತೂ ಮೇಲು. ಎರಡನ್ನೂ ಒಟ್ಟಿಗೆ ಹೊಡೆದರೆ ಒಂದು ಸ್ಟಾಪ್ ಜಾಸ್ತಿ ಸಿಗುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ದಿನಗಟ್ಟಲೆ ಹೊಡೆಯುವ ಕೆಲಸ, ನಡುಬಿಸಿಲು, ಎತ್ತರದ ಸೀಲಿಂಗ್ ಹಾಲ್, ಈ ಮೂರರಲ್ಲಿ ಎರಡು ನಿಮ್ಮ ಪಾಲಿಗಿದ್ದರೆ ಮಾತ್ರ ದೊಡ್ಡದಕ್ಕೆ ಕೈಹಾಕಿ.

ನನ್ನ ಗೆಳೆಯ ತನ್ನ 60ನ್ನು ಮಾರಿ ಎರಡು ಚಿಕ್ಕ ಫ್ಲ್ಯಾಶ್ ತಂದ. ಒಂದು ಈಗ ಪುಸ್ತಕದ ಕಪಾಟಿನ ಮೇಲೆ, ಸೀಲಿಂಗ್ ಕಡೆ ಮುಖ ಮಾಡಿ ಕೂತಿದೆ. ಅದರ ಪವರ್ ಇನ್ನೂ 1/32ರಲ್ಲೇ ಇದೆ.