ವಿಜ್ಞಾನಿಗಳ ಹಳೆಯ ಪತ್ರಗಳನ್ನು ಓದಲು ಒಂದು ಟಪಾಲು ವಹಿ

ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಪರಸ್ಪರ ಬರೆದುಕೊಂಡ ಪತ್ರಗಳನ್ನು ನೋಡಲು ಈಗ ಲಂಡನ್ನಿಗೆ ಹೋಗಬೇಕಾಗಿಲ್ಲ. ಡಾರ್ವಿನ್ ಬರೆದ ಮತ್ತು ಅವರಿಗೆ ಬಂದ 15,000ಕ್ಕೂ ಹೆಚ್ಚು ಪತ್ರಗಳು 30 ಸಂಪುಟಗಳಲ್ಲಿ ಅಚ್ಚಾಗಿವೆ ಮತ್ತು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಥ ಪತ್ರಗಳನ್ನು ಓದಲು ಕೊಟ್ಟಾಗಲೆಲ್ಲ ನಾನು ಕಂಡ ತೊಡಕು ಒಂದೇ: ಅವರು ಪತ್ರವನ್ನು ಪಠ್ಯಪುಸ್ತಕದ ಪಾಠದಂತೆ ಓದುತ್ತಾರೆ, ಅದರಲ್ಲಿ ಸರಿಯಾದ ಉತ್ತರ ಎಲ್ಲಿದೆ ಎಂದು ಹುಡುಕುತ್ತಾರೆ. ಪತ್ರ ಬರೆದವರಿಗೆ ಉತ್ತರ ಇನ್ನೂ ಗೊತ್ತಿರುವುದಿಲ್ಲ. ಬರೆದ ದಿನ ಅವರಿಗೆ ಏನು ತಿಳಿದಿತ್ತು, ಏನು ತಿಳಿದಿರಲಿಲ್ಲ ಮತ್ತು ಆ ಪತ್ರ ಎಂದು ತಲುಪಿತು ಎಂಬುದನ್ನು ಹಿಡಿದರೆ ಮಾತ್ರ ಪತ್ರ ಓದಿದಂತಾಗುತ್ತದೆ. ಅದಕ್ಕಾಗಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಒಬ್ಬ ವಿಜ್ಞಾನಿಯನ್ನಲ್ಲ, ಇಬ್ಬರನ್ನು ಆರಿಸಿಕೊಳ್ಳಿ. ಒಬ್ಬರ ಪತ್ರಗಳನ್ನಷ್ಟೇ ಓದುವುದೆಂದರೆ ಫೋನಿನಲ್ಲಿ ಮಾತನಾಡುವವರ ಪಕ್ಕದಲ್ಲಿ ಕುಳಿತು ಒಂದೇ ಕಡೆಯ ಮಾತನ್ನು ಕೇಳಿದಂತೆ. ನಮ್ಮ ಭಾಗದ ಓದುಗರಿಗೆ ನಾನು ಸೂಚಿಸುವ ಜೋಡಿ ರೊನಾಲ್ಡ್ ರಾಸ್ ಮತ್ತು ಪ್ಯಾಟ್ರಿಕ್ ಮ್ಯಾನ್ಸನ್, ಇಬ್ಬರೂ ಬ್ರಿಟಿಷ್ ವೈದ್ಯರು. ಮಲೇರಿಯಾ ಸೊಳ್ಳೆಯ ಮೂಲಕ ಹರಡುತ್ತದೆಯೇ ಎಂಬ ಪ್ರಶ್ನೆಯನ್ನು ಹಿಡಿದು ರಾಸ್ 1895ರಿಂದ ಭಾರತದಿಂದ ಬರೆಯುತ್ತಿದ್ದರು, ಮ್ಯಾನ್ಸನ್ ಲಂಡನ್ನಿನಿಂದ ಉತ್ತರಿಸುತ್ತಿದ್ದರು. ಮುಖ್ಯ ಶೋಧ ನಡೆದದ್ದು ಸಿಕಂದರಾಬಾದಿನಲ್ಲಿ, ಅಂದರೆ ಆಗ ನಾವೂ ಸೇರಿದ್ದ ನಿಜಾಮರ ಸಂಸ್ಥಾನದಲ್ಲಿ. ಆ ಊರಿನಿಂದ ವಾಡಿ ಜಂಕ್ಷನ್‌ವರೆಗಿನ ರೈಲುದಾರಿ 1874ರಲ್ಲಿ ತೆರೆದಿತ್ತು, ಬೊಂಬಾಯಿಗೆ ಹೋಗಲು ಅಂದಿನ ರೈಲುಮಾರ್ಗ ಅದೇ ಆಗಿತ್ತು. ಹಾಗಾದರೆ ವಿಲಾಯತಿಗೆ ಹೊರಟ ರಾಸ್ ಅವರ ಲಕೋಟೆಗಳು ವಾಡಿಯಲ್ಲಿ ಗಾಡಿ ಬದಲಿಸಿ, ಶಹಾಬಾದ್ ಮತ್ತು ಗುಲ್ಬರ್ಗಾ ನಿಲ್ದಾಣಗಳನ್ನು ದಾಟಿಯೇ ಹೋಗಿರಬೇಕು. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಈ ಇಬ್ಬರ ಪತ್ರವ್ಯವಹಾರ ಪುಸ್ತಕವಾಗಿ ಬಂದಿದೆ. ರಾಸ್ 1923ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿಯೂ ಅನೇಕ ಪತ್ರಭಾಗಗಳಿವೆ.

ಜೋಡಿ ಸಿಕ್ಕ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು, ಸರ್ಕಾರಿ ಕಚೇರಿಯ ಮೇಜಿನ ಮೇಲಿರುವಂಥ ಟಪಾಲು ವಹಿಯೊಂದನ್ನು ನೀವೇ ಮಾಡಿಕೊಳ್ಳಿ. ಬರೆದ ದಿನ, ಬರೆದ ಊರು, ತಲುಪಿದ ದಿನ, ಯಾವ ಪತ್ರಕ್ಕೆ ಇದು ಉತ್ತರ, ಜೊತೆಗೆ ಏನನ್ನು ಕಳುಹಿಸಿದ್ದಾರೆ ಎಂಬ ಐದು ಅಂಕಣಗಳು ಸಾಕು. ಪತ್ರದಲ್ಲಿ ಏನಿದೆ ಎಂಬ ಸಾರಾಂಶವನ್ನು ಇಲ್ಲಿ ಬರೆಯಬೇಡಿ, ಅದು ಎರಡನೆಯ ಓದಿಗೆ ಇರಲಿ. ಊರಿನ ಅಂಕಣವನ್ನು ಕಡೆಗಣಿಸುವವರು ಬಹಳ. ರಾಸ್ 1895ರಲ್ಲಿ ಸಿಕಂದರಾಬಾದಿನಲ್ಲಿದ್ದರು, ಅದೇ ವರ್ಷ ಕಾಲರಾ ತಡೆಯುವ ಕೆಲಸಕ್ಕಾಗಿ ಬೆಂಗಳೂರಿಗೆ ಹೋದರು, 1897ರಲ್ಲಿ ಮರಳಿ ಬಂದರು, ಶೋಧವಾದ ಕೆಲವೇ ವಾರಗಳಲ್ಲಿ ರಾಜಪುತಾನದ ಖೇರವಾಡಾಕ್ಕೆ ವರ್ಗವಾದರು. ಮಲೇರಿಯಾದ ಕೆಲಸ ಎಲ್ಲಿ ಮುಂದುವರಿಯಿತು, ಎಲ್ಲಿ ತಡೆಯಿತು ಎಂಬುದಕ್ಕೆ ಕಾರಣ ಅನೇಕ ಸಲ ಆ ಅಂಕಣದಲ್ಲಿಯೇ ಸಿಗುತ್ತದೆ.

ತಲುಪಿದ ದಿನದ ಅಂಕಣವೇ ಈ ವಹಿಯ ಜೀವಾಳ. ಅದಕ್ಕೆ ಒಂದು ಉದಾಹರಣೆಯನ್ನು ತುಸು ವಿವರವಾಗಿಯೇ ಹೇಳಬೇಕು. 1858ರಲ್ಲಿ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್, ಇಂದಿನ ಇಂಡೊನೇಷ್ಯಾದ ಟರ್ನಾಟೆ ದ್ವೀಪದಿಂದ, ನಿಸರ್ಗದ ಆಯ್ಕೆಯ (ಪರಿಸರಕ್ಕೆ ಹೊಂದುವ ಜೀವಿಗಳೇ ಉಳಿದು ಬೆಳೆಯುತ್ತವೆ ಎಂಬ ವಿಚಾರದ) ಕುರಿತ ತಮ್ಮ ಲೇಖನವನ್ನು ಪತ್ರದೊಂದಿಗೆ ಡಾರ್ವಿನ್‌ಗೆ ಕಳುಹಿಸಿದರು. ಆ ಮೂಲ ಪತ್ರ ಈಗ ಉಳಿದಿಲ್ಲ. ಅದು ತಲುಪಿದ ದಿನವನ್ನು ನಾವು ತಿಳಿಯುವುದು, ಡಾರ್ವಿನ್ ಅದನ್ನು ಕಂಡ ಕೂಡಲೇ ಗೆಳೆಯ, ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಅವರಿಗೆ ಬರೆದ ಇನ್ನೊಂದು ಪತ್ರದಿಂದ. ಅದರ ಮೇಲೆ ಡಾರ್ವಿನ್ ತಾರೀಖನ್ನು ಬರೆದಿದ್ದಾರೆ, ತಿಂಗಳು ಮತ್ತು ವರ್ಷವನ್ನು ಬರೆದಿಲ್ಲ. ಹೀಗಾಗಿ ಅಚ್ಚಿನ ಪುಸ್ತಕದಲ್ಲಿ 18ರ ಮುಂದೆ ‘ಜೂನ್ 1858’ ಎಂಬುದನ್ನು ಚೌಕ ಕಂಸದೊಳಗೆ ಹಾಕಿದ್ದಾರೆ. ಚೌಕ ಕಂಸದಲ್ಲಿರುವುದು ಸಂಪಾದಕರ ತೀರ್ಮಾನ, ಬರೆದವರ ಕೈಬರಹವಲ್ಲ. ಈ ವ್ಯತ್ಯಾಸವನ್ನು ವಹಿಯಲ್ಲಿ ಬೇರೆ ಬಣ್ಣದ ಶಾಯಿಯಿಂದ ಗುರುತಿಸಿ.

ಆದರೆ ಅದೇ ಕಾಲದಲ್ಲಿ ವಾಲೇಸ್ ಟರ್ನಾಟೆಯಿಂದ ಇನ್ನೊಬ್ಬ ಗೆಳೆಯನಿಗೆ ಬರೆದ ಪತ್ರದ ಮೇಲೆ ಲಂಡನ್ನಿನ 3 ಜೂನ್ ಮುದ್ರೆ ಇದೆ. ಇದನ್ನು ಕಂಡ ಕೆಲವರು, ಡಾರ್ವಿನ್‌ಗೆ ಬರೆದ ಪತ್ರವೂ ಅದೇ ಹಡಗಿನಲ್ಲಿ ಬಂದಿರಬೇಕು, ಅದೇ ವಿಚಾರದ ಮೇಲೆ ಕೆಲಸ ಮಾಡುತ್ತಿದ್ದ ಅವರು ಎರಡು ವಾರ ಅದನ್ನು ಬಚ್ಚಿಟ್ಟುಕೊಂಡು ಲಾಭ ಪಡೆದರು ಎಂದು ಆರೋಪಿಸಿದರು. ಒಬ್ಬ ದೊಡ್ಡ ವಿಜ್ಞಾನಿಯ ಪ್ರಾಮಾಣಿಕತೆಯೇ ಒಂದು ಅಂಚೆ ಮುದ್ರೆಗೆ ಬಂದು ನಿಂತಿತು. 2012ರಲ್ಲಿ ಸಂಶೋಧಕರು ಅಂದಿನ ಟಪಾಲು ಹಡಗುಗಳ ವೇಳಾಪಟ್ಟಿಯನ್ನು ಕೂಡಿಸಿ ನೋಡಿದರು. ವಾಲೇಸರ ಪತ್ರ ಡಾರ್ವಿನ್‌ರ ಹಿಂದಿನ ಪತ್ರಕ್ಕೆ ಉತ್ತರವಾಗಿತ್ತು, ಆ ಹಿಂದಿನ ಪತ್ರ ಟರ್ನಾಟೆಗೆ ಬಂದದ್ದೇ ಮಾರ್ಚ್ ತಿಂಗಳ ಹಡಗಿನಲ್ಲಿ, ಆದ್ದರಿಂದ ಉತ್ತರ ಹೊರಟದ್ದು ಮುಂದಿನ ತಿಂಗಳ ಹಡಗಿನಲ್ಲಿ ಮತ್ತು ತಲುಪಿದ್ದು ಜೂನ್ 18ರ ಸುಮಾರಿಗೇ ಎಂದು ಅವರು ತೋರಿಸಿಕೊಟ್ಟರು. ‘ಯಾವ ಪತ್ರಕ್ಕೆ ಇದು ಉತ್ತರ’ ಎಂಬ ಅಂಕಣವನ್ನು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಎರಡನೆಯ ಓದಿನಲ್ಲಿ ತಪ್ಪುಗಳನ್ನು ಹುಡುಕಿ, ಆದರೆ ತಿದ್ದಬೇಡಿ. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರನ್ನು ಕುಡಿದವರಿಗೆ ಮಲೇರಿಯಾ ತಗಲುತ್ತದೆ ಎಂದು ಮ್ಯಾನ್ಸನ್ ನಂಬಿದ್ದರು. ರಾಸ್ ಅದನ್ನೇ ಪರೀಕ್ಷಿಸಲು 1895ರಲ್ಲಿ ಅಂಥ ನೀರನ್ನು ಒಬ್ಬರಿಗೆ ಕುಡಿಸಿದರು, ಅವರಿಗೆ ಜ್ವರವೂ ಬಂತು. ಇಬ್ಬರಿಗೂ ಆಸೆ ಚಿಗುರಿತು, ಮುಂದಿನ ಪ್ರಯತ್ನಗಳು ಅದಕ್ಕೆ ಬಲ ಕೊಡಲಿಲ್ಲ. ಇಂದು ಈ ಪುಟಗಳನ್ನು ಓದುವಾಗ ‘ಸೊಳ್ಳೆ ಕಚ್ಚುವುದರಿಂದ ಬರುತ್ತದೆ’ ಎಂದು ಅಂಚಿನಲ್ಲಿ ಬರೆದು ಮುಂದೆ ಹೋಗುವುದು ಸುಲಭ. ಹಾಗೆ ಮಾಡಿದರೆ ಆ ಎರಡು ವರ್ಷಗಳ ದುಡಿಮೆ ನಿಮ್ಮ ಕೈತಪ್ಪುತ್ತದೆ. ಅವರ ಪದಗಳನ್ನೂ ಅವರಂತೆಯೇ ಇರಗೊಡಿ. ರಾಸ್‌ಗೆ ಸೊಳ್ಳೆಗಳ ಶಾಸ್ತ್ರೀಯ ಹೆಸರುಗಳು ತಿಳಿದಿರಲಿಲ್ಲ, ಅವರು ಬರೆದದ್ದು ರೆಕ್ಕೆಯಲ್ಲಿ ಚುಕ್ಕೆಗಳಿರುವ ಸೊಳ್ಳೆ ಎಂದು. ನೀವು ಅಲ್ಲಿ ‘ಅನಾಫಿಲಿಸ್’ ಎಂದು ಬದಲಿಸಿದರೆ, ಅವರು ಕಣ್ಣಿನಿಂದ ಕಂಡದ್ದರ ಜಾಗದಲ್ಲಿ ನಾವು ಪುಸ್ತಕದಿಂದ ಕಲಿತದ್ದನ್ನು ಇಟ್ಟಂತಾಗುತ್ತದೆ.

ಪತ್ರ ಬರೆಯದವರ ಹೆಸರುಗಳಿಗೆ ವಹಿಯ ಕೊನೆಯಲ್ಲಿ ಪ್ರತ್ಯೇಕ ಪುಟ ಬಿಡಿ. ಆ ನೀರನ್ನು ಕುಡಿದವರ ಹೆಸರನ್ನು ರಾಸ್ ‘ಲಚ್‌ಮನ್’ ಎಂದು ಉಚ್ಚರಿಸುವಂತೆ ಬರೆದಿದ್ದಾರೆ. ನಮ್ಮೂರಿನ ಓದುಗರಿಗೆ ಅದು ಲಕ್ಷ್ಮಣ ಎಂದು ಹೊಳೆಯಲು ಕ್ಷಣವೂ ಬೇಡ, ಇಂಗ್ಲೆಂಡಿನ ಓದುಗರಿಗೆ ಅದು ಹೊಳೆಯುವುದು ಕಷ್ಟ. 1897ರ ಆಗಸ್ಟ್‌ನಲ್ಲಿ ಹುಸೇನ್ ಖಾನ್ ಎಂಬ ರೋಗಿ, ಕಚ್ಚಿಸಿಕೊಂಡ ಪ್ರತಿ ಸೊಳ್ಳೆಗೆ ಒಂದಾಣೆಯಂತೆ ಪಡೆದು, ಆ ಚುಕ್ಕೆರೆಕ್ಕೆಯ ಸೊಳ್ಳೆಗಳಿಗೆ ತನ್ನ ರಕ್ತವನ್ನು ಕೊಟ್ಟ. ಆ ಸೊಳ್ಳೆಗಳಲ್ಲೊಂದನ್ನು ಆಗಸ್ಟ್ 20ರಂದು ಕೊಯ್ದಾಗಲೇ ರಾಸ್ ಅದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಕೋಶಗಳನ್ನು, ಅಂದರೆ ಸೊಳ್ಳೆಯೊಳಗೆ ಬೆಳೆಯುತ್ತಿದ್ದ ಮಲೇರಿಯಾ ಪರಾವಲಂಬಿಯನ್ನು ಕಂಡರು. ಹುಸೇನ್ ಖಾನ್ ಯಾರಿಗೂ ಬರೆದ ಪತ್ರ ನಮ್ಮ ಮುಂದಿಲ್ಲ. ಇಂಥ ಹೆಸರುಗಳನ್ನು ಎತ್ತಿ ಬರೆಯುವ ಕೆಲಸವನ್ನು ನಮ್ಮ ಭಾಗದವರು ಮಾಡಿದರೆ ಅದಕ್ಕೆ ಹೆಚ್ಚಿನ ಬೆಲೆ ಇದೆ ಎಂದು ನಾನು ನಂಬಿದ್ದೇನೆ.

ಲಕೋಟೆಯೊಳಗೆ ಕಾಗದದ ಜೊತೆ ಇನ್ನೇನಿತ್ತು ಎಂಬುದನ್ನೂ ಗಮನಿಸಿ. ರಾಸ್ ಸೊಳ್ಳೆಯ ಹೊಟ್ಟೆಯ ಸ್ಲೈಡುಗಳನ್ನು ಕಳುಹಿಸಿದರು, ಮೆಂಡೆಲ್ ಮ್ಯೂನಿಕ್‌ನ ಸಸ್ಯವಿಜ್ಞಾನಿ ನೇಗೆಲಿ ಅವರಿಗೆ ಬಟಾಣಿ ಬೀಜಗಳ ಪೊಟ್ಟಣಗಳನ್ನು ಕಳುಹಿಸಿದರು. ಮಾತಿಗಿಂತ ವಸ್ತುವನ್ನು ನಂಬಿ ಎಂದು ಅವರು ಕೇಳಿಕೊಂಡಂತಿದೆ. ತಾ.ಕ. ಎಂದು ಕೊನೆಗೆ ಸೇರಿಸಿದ ಸಾಲುಗಳನ್ನು ಎಂದಿಗೂ ಬಿಡಬೇಡಿ: ಬಿ.ಎಸ್ಸಿ. ಗಣಿತದಲ್ಲಿ ಎಲ್ಲರೂ ಓದುವ ಸ್ಟೋಕ್ಸ್ ಪ್ರಮೇಯ ಮೊದಲು ಕಾಣಿಸಿಕೊಂಡದ್ದು, 1850ರ ಜುಲೈ 2ರಂದು ವಿಲಿಯಂ ಥಾಮ್ಸನ್ ಸ್ಟೋಕ್ಸ್‌ಗೆ ಬರೆದ ಪತ್ರದ ತಾಜಾ ಕಲಮಿನಲ್ಲಿ.

ನಂತರ ಪತ್ರವನ್ನು ಅಚ್ಚಾದ ಪ್ರಬಂಧದ ಪಕ್ಕದಲ್ಲಿಡಿ. ರಾಸ್ ಆಗಸ್ಟ್ 20ರಂದು ಕಂಡದ್ದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು ಡಿಸೆಂಬರ್ 18ರಂದು. ಪ್ರಬಂಧದ ಶೀರ್ಷಿಕೆಯೇ ತುಂಬ ಜಾಗರೂಕವಾಗಿದೆ, ಮಲೇರಿಯಾ ರಕ್ತ ಕುಡಿದ ಎರಡು ಸೊಳ್ಳೆಗಳಲ್ಲಿ ಕಂಡ ವಿಚಿತ್ರ ಕೋಶಗಳು ಎಂದಷ್ಟೇ ಅದು ಹೇಳುತ್ತದೆ. ಈ ನಾಲ್ಕು ತಿಂಗಳ ಪತ್ರಗಳನ್ನು ಒಂದೊಂದಾಗಿ ಓದುತ್ತ, ಯಾವ ವಾಕ್ಯ ಪ್ರಬಂಧಕ್ಕೆ ಹೋಯಿತು, ಯಾವುದು ಪತ್ರದಲ್ಲೇ ಉಳಿಯಿತು ಎಂದು ಗೆರೆ ಎಳೆಯಿರಿ. ಲಂಡನ್ನಿನಿಂದ ಉತ್ತರ ಬರಲು ಹೋಗುವ ದಾರಿ ಮತ್ತು ಬರುವ ದಾರಿ ಸೇರಿ ಒಂದು ತಿಂಗಳಿಗೂ ಹೆಚ್ಚು ಹಿಡಿಯುತ್ತಿತ್ತು ಎಂಬುದನ್ನು ನೆನಪಿಟ್ಟರೆ, ಒಂದೇ ಪ್ರಶ್ನೆಯನ್ನು ರಾಸ್ ಎರಡೆರಡು ಸಲ ಕೇಳಿದ್ದು ಮರೆವಿನಿಂದಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಓದಿದ್ದನ್ನು ಕನ್ನಡದಲ್ಲಿ ಬರೆಯುವಾಗ ಪ್ರತಿ ಅನುವಾದದ ಕೆಳಗೆ ಬರೆದ ದಿನ, ಊರು, ಪುಸ್ತಕದ ಪುಟಸಂಖ್ಯೆ ಮೂರನ್ನೂ ಹಾಕಿ. ಊರಿನ ಹೆಸರನ್ನು ಅಂದು ಬರೆದಂತೆ ‘ಗುಲ್ಬರ್ಗಾ’ ಎಂದು ಒಮ್ಮೆ ಕೊಟ್ಟು, ಮುಂದೆ ಕಲಬುರಗಿ ಎಂದೇ ಬಳಸಿ. ಮೊದಲ ವಹಿಗೆ 1897ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಪತ್ರಗಳಷ್ಟೇ ಸಾಕು. ದಿನಕ್ಕೆ ಒಂದು ಪತ್ರದಂತೆ ಓದಿ, ಉತ್ತರವನ್ನು, ಅದು ತಲುಪಿದ ದಿನಕ್ಕೆ ನಿಮ್ಮ ಓದು ಬರುವ ಮುನ್ನ ತೆರೆಯಬೇಡಿ.