ಪಿ1 ಕೋಡ್ ಮತ್ತು ಒಂದು ಅರ್ಥಿಂಗ್ ತಂತಿ

ನಮ್ಮ ಹಳೆಯ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಪದೇ ಪದೇ ಹೊತ್ತಿಕೊಳ್ಳುತ್ತಿತ್ತು. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರ್ ಜೋಡಿಸಿದಾಗ ಪಿ1 ಎಂದು ಆರಂಭವಾಗುವ ಕೋಡ್ ಕಾಣಿಸಿತು. ಪಿ0 ಕೋಡ್‌ಗಳ ಅರ್ಥ ಎಲ್ಲ ಕಾರುಗಳಿಗೂ ಒಂದೇ. ಪಿ1 ಕೋಡ್‌ಗಳನ್ನು ಆಯಾ ತಯಾರಕರೇ ನಿಗದಿಪಡಿಸುವುದರಿಂದ, ಅಗ್ಗದ ಸ್ಕ್ಯಾನರ್ ತೋರಿಸುವ ವಿವರಣೆ ಬೇರೊಂದು ಕಂಪನಿಯದ್ದಾಗಿರಬಹುದು. ನಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್ ಪ್ರಕಾರ ಅದು ಎಂಜಿನ್ ಕಂಟ್ರೋಲ್ ಯೂನಿಟ್‌ಗೆ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ) ಬರುವ ವಿದ್ಯುತ್ ಪೂರೈಕೆಯ ದೋಷ. ಯೂನಿಟ್ಟನ್ನೇ ಬದಲಿಸಬೇಕೆಂದು ಗ್ಯಾರೇಜಿನವರು ಹೇಳಿದ್ದರು. ಅಷ್ಟು ದುಬಾರಿ ಭಾಗವನ್ನು ಅಳತೆ ಮಾಡದೆ ಬದಲಿಸುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಬ್ಯಾಟರಿ ಮತ್ತು ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿದ್ದವು. ಬಳಿಕ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಒತ್ತಿ ಹಿಡಿದು ಸ್ಟಾರ್ಟ್ ಮಾಡಿಸಿದಾಗ, ಸುಮಾರು 0.2 ವೋಲ್ಟ್ ಒಳಗಿರಬೇಕಾದದ್ದು 0.9 ತೋರಿಸಿತು. ಕರೆಂಟ್ ಹರಿಯದಿರುವಾಗ ರೆಸಿಸ್ಟೆನ್ಸ್ ಅಳೆದರೆ ಸಂಪರ್ಕದ ಇಂಥ ದೋಷ ಹಲವು ಬಾರಿ ಕೈಗೆ ಸಿಗುವುದೇ ಇಲ್ಲ, ಆದ್ದರಿಂದ ಲೋಡ್ ಇರುವಾಗಲೇ ವೋಲ್ಟೇಜ್ ಡ್ರಾಪ್ (ಸಂಪರ್ಕದಲ್ಲೇ ನಷ್ಟವಾಗುವ ವೋಲ್ಟೇಜ್) ಅಳೆಯಬೇಕು. ಬ್ಯಾಟರಿ ಟ್ರೇ ಕೆಳಗಿನ ಬೋಲ್ಟ್ ಬಿಚ್ಚಿ ನೋಡಿದರೆ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಅರ್ಥಿಂಗ್ ತಂತಿಯ (ಬ್ಯಾಟರಿಯ ನೆಗೆಟಿವ್ ಅನ್ನು ಕಾರಿನ ಲೋಹಕ್ಕೆ ಜೋಡಿಸುವ ತಂತಿಯ) ತುದಿಯಲ್ಲಿರುವ ಲೋಹದ ಲಗ್ಗಿನ ಅಡಿಯಲ್ಲಿ ಹಸಿರು ಪುಡಿ ಕಟ್ಟಿತ್ತು. ಬ್ಯಾಟರಿ ಸಂಪರ್ಕ ತೆಗೆದು, ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ. ಈಗ ಅದೇ ಅಳತೆ 0.1 ವೋಲ್ಟ್, ಅಳಿಸಿದ ಕೋಡ್ ಮತ್ತೆ ಬಂದಿಲ್ಲ.